ಐದು ಗಂಟೆಯ ಮಸುಕು

ನನ್ನ ಮೈದುನನಿಗೆ ಹುಚ್ಚು ಹಿಡಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಓದಿದ ಮೇಲೆ ಹೇಳಿದರೆ ನೀವು ಯಾರೂ ನಂಬುವುದಿಲ್ಲ! ಮೂಡಲಗಿಯ ಬೇಸಿಗೆಯಲ್ಲಿ, ನಾಯಿಗಳು ಕೂಡ ಗಟಾರ ಹುಡುಕಿಕೊಂಡು ಮಲಗುವ ಹೊತ್ತಿನಲ್ಲಿ, ಎರಡೂ ಕಿವಿ ಮುಚ್ಚುವಂತೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಕೂಡುವ ಮನುಷ್ಯನನ್ನು ಶಾಣ್ಯಾ ಎನ್ನಬೇಕಾದರೆ ಸಾಕ್ಷಿ ಬೇಕು. ಆ ಸಾಕ್ಷಿ ನಾನು, ಅವನ ಅಣ್ಣನ ಹೆಂಡತಿ.

"ಆ ಮಫ್ಲರ್ ಬಿಚ್ಚೊ, ಬೆವರಿಗೆ ನಾರಾಕತ್ತೈತಿ" ಎಂದರೆ ಅವನ ಉತ್ತರ ತಯಾರು. "ಮಂದಿ ಮಾತು ಕಿವ್ಯಾಗ ಹೊಕ್ಕರ ಹೊಳ್ಳಿ ಹೊರಗ ಬರಂಗಿಲ್ರಿ ವೈನಿ. ಅದಕ್ಕ ಬಾಗಲಾ ಹಾಕೇನಿ."

ಲಗ್ನ ಮಾಡಿಕೊಂಡಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿ ಹೇಳಿ, ಈಗ ಅದರಲ್ಲಿ ಯಾವುದು ಖರೆ ಎಂದು ಅವನಿಗೇ ಮರೆತಿದೆ. ನಮ್ಮದು ಬಾಡಿಗೆಯ ಮನೆ. ಹಿಂದಿನ ಖೋಲಿಯಲ್ಲಿ ನಾನು, ಮುಂದಿನದರಲ್ಲಿ ಅವನೂ ಅವನ ಟೈಪಿಂಗ್ ಅಂಗಡಿಯೂ. ನನ್ನ ಗಂಡ ತೀರಿಹೋದ ಮೇಲೆ ನಡುವಿನ ಖೋಲಿ ಯಾರದೂ ಅಲ್ಲ. ಅದರಲ್ಲಿ ಜೋಳದ ಚೀಲ ಇಟ್ಟಿದ್ದೇವೆ. ಒಂದೇ ಸೂರಿನ ಕೆಳಗೆ ಎರಡು ಒಲೆ! ನಾನು ಮಾಡಿದ್ದನ್ನೇ ಎರಡು ರೊಟ್ಟಿ ತಿನ್ನೋ ಎಂದರೆ "ನಿಮಗ್ಯಾಕ ಭಾರ" ಎಂದು ತಾನೇ ಬಡಿಯಲು ಕೂಡುತ್ತಾನೆ. ಅವನ ರೊಟ್ಟಿ ದುಂಡಗೆ ಬಂದದ್ದನ್ನು ನಾನು ಕಂಡಿಲ್ಲ. ಒಂದು ಕೊಡಲಿಯಂತಿದ್ದರೆ ಇನ್ನೊಂದು ಚಪ್ಪಲಿಯಂತೆ. ಅವನು ಮುಂದೆ ಬಡಿಯುವ ಸದ್ದು ನನಗೆ ಹಿಂದೆ ಕೇಳುತ್ತದೆ. ನಾನು ಬಡಿಯುವ ಸದ್ದು ಅವನಿಗೆ ಕೇಳುವುದಿಲ್ಲ. ಮಫ್ಲರ್ ಇದೆಯಲ್ಲ!

ಅವನ ಅಂಗಡಿ ಎಂದರೆ ಒಂದು ಮೇಜು. ಲಗ್ನಪತ್ರಿಕೆ, ವಾಸ್ತುಶಾಂತಿ, ಸತ್ತವರ ಶ್ರದ್ಧಾಂಜಲಿಯ ಫ್ಲೆಕ್ಸ್, ಎಲ್ಲದರ ಅಕ್ಷರವನ್ನೂ ಅಲ್ಲಿ ಹೊಡೆಯುತ್ತಾನೆ. ಹೊಸ ಸಾಮಾನು ಕೊಂಡವನಲ್ಲ. ಲ್ಯಾಪ್‌ಟಾಪ್ ಯಾರೋ ಕೆಳಗೆ ಕೆಡವಿದ್ದು. ಅದರ ಮುಚ್ಚಳದ ಕೀಲು ಮುರಿದು, ಪರದೆ ಕಪ್ಪಾಗಿ, ಈಗ ನನ್ನ ಹಳೆಯ ಪರಕಾರದ ಲಾಡಿಯಿಂದ ಕಟ್ಟಿಸಿಕೊಂಡು ಕೂತಿದೆ. ಪರದೆ ಇಲ್ಲದ ಲ್ಯಾಪ್‌ಟಾಪಿಗೆ ಒಂದು ಪರದೆ ಬೇಕಲ್ಲ? ಹುಕ್ಕೇರಿಯಲ್ಲಿ ಮುಚ್ಚಿಹೋದ ಕಂಪ್ಯೂಟರ್ ಕ್ಲಾಸಿನಿಂದ ಒಂದು ದೊಡ್ಡ ಮಾನಿಟರ್ ತಂದು ವೈರಿನಿಂದ ಜೋಡಿಸಿದ. "ಇದು ಕುರುಡ, ಅದು ಕುಂಟ, ಇಬ್ಬರೂ ಕೂಡಿ ನಿನಗ ದಾರಿ ತೋರಸ್ತಾರ ಬಿಡು" ಎಂದೆ. ಅವನಿಗೆ ಕೇಳಿಸಲಿಲ್ಲ.

ಆದರೆ ಸಂಜೆ ಐದಕ್ಕೆ ಆ ಮಫ್ಲರ್ ಬಿಚ್ಚುತ್ತದೆ. ಗಿರಾಕಿಗಳು ಹೋದ ಮೇಲೆ ಅದನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ "ವೈನೀ, ಬರ್ರಿ" ಎಂದು ಕೂಗುತ್ತಾನೆ. ನಾನು ಹೋಗಿ ಪಕ್ಕದಲ್ಲಿ ಕೂಡುತ್ತೇನೆ. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ಪೆನ್ನು ಹಿಡಿದರೆ ಅಕ್ಷರ ಸಾಲು ಬಿಟ್ಟು ಓಡುತ್ತವೆ. ಹಾಗಾಗಿ ನಾನು ಹೇಳುತ್ತೇನೆ, ಅವನು ಹೊಡೆಯುತ್ತಾನೆ. ಇದನ್ನೂ ಹಾಗೆಯೇ ಬರೆಸುತ್ತಿದ್ದೇನೆ. ನಾನು "ಐತಿ" ಎಂದರೆ ಅವನು "ಇದೆ" ಎಂದು ಹೊಡೆಯುತ್ತಾನೆ. "ಪುಸ್ತಕದ ಮಾತು ಹಂಗ ಇರಬೇಕ್ರಿ" ಎನ್ನುತ್ತಾನೆ. ತನ್ನ ರೊಟ್ಟಿಗೆ ಚಪ್ಪಲಿ ಎಂದದ್ದನ್ನೂ ಈಗ ಬಿಡದೆ ಹೊಡೆದಿದ್ದಾನೆ, ಅದೊಂದು ಒಳ್ಳೆಯ ಗುಣ. ಹೊಡೆದಾದ ಮೇಲೆ ನಾನು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ನನ್ನ ಮಾತನ್ನೇ ಓದುತ್ತೇನೆ. ಇಡೀ ದಿನದಲ್ಲಿ ನಾನು ಇನ್ನೊಬ್ಬರ ಜೊತೆ ಆಡುವ ಮಾತು ಇಷ್ಟೇ. ಅವನದೂ ಅಷ್ಟೇ ಇರಬೇಕು. ಗಿರಾಕಿಗಳ ಜೊತೆ ಅವನು ಆಡುವುದು ಮಾತಲ್ಲ, ಜಗಳ.

ಒಂದು ಸಂಜೆ ನಾನು "ಅಕ್ಷರ ಸಾಸಿವಿ ಕಾಳಿನಂಗ ಅದಾವೊ, ನಂಗ ಕಾಣವಲ್ವು" ಎಂದೆ. ಅವನು ಅದೇನೋ ತೆರೆದ, ಅದೇನೋ ಒತ್ತಿದ. ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಅಕ್ಷರಗಳು ಬದನೆಕಾಯಿಯಷ್ಟು ದಪ್ಪಗಾದವು! ನಾನು ಅಂದು ಎರಡು ಪುಟ ಓದಿದೆ.

ಮರುದಿನದಿಂದ ಶುರುವಾಯಿತು ನೋಡಿ ಗಿರಾಕಿಗಳ ತಕರಾರು.

"ಏನ್ರಿ ಇದು, ಅಕ್ಷರಕ್ಕ ಮಂಜು ಬಿದ್ದಂಗ ಐತಿ? ಹುಡುಗನ ಹೆಸರು ಬರೋಬ್ಬರಿ ಐತೋ ಇಲ್ಲೋ ಹೆಂಗ ನೋಡೂದು?"

"ಪರದೆ ಚೊಲೊ ಐತಿ. ನಿಮ್ಮ ಕಣ್ಣು ತೋರಿಸ್ರಿ" ಎಂದ ನನ್ನ ಮೈದುನ.

ಬರೀ ಎಂದಿದ್ದರೆ ಚಿಂತೆಯಿರಲಿಲ್ಲ. ಮನೆಯಲ್ಲಿದ್ದ ಹಳೆಯ ಚಸ್ಮಾಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ ಮೇಜಿನ ಮೇಲಿಟ್ಟ. ಬಂದವರು ಒಂದೊಂದನ್ನೇ ಹಾಕಿಕೊಂಡು ಪರದೆ ನೋಡಬೇಕು! ಅದರಲ್ಲಿ ನನ್ನ ಗಂಡನದೂ ಇತ್ತು. ಕೊಣ್ಣೂರಿನ ಒಬ್ಬ ಕಬ್ಬಿನ ರೈತ ಅದನ್ನೇ ಏರಿಸಿಕೊಂಡು "ಇದರಾಗ ಅಡ್ಡಿ ಇಲ್ಲ ನೋಡ್ರಿ" ಎಂದ. ಪರದೆಯಲ್ಲೇನೂ ಕಾಣಲಿಲ್ಲವಂತೆ, ಆದರೆ ಹೊರಗೆ ಬಸ್ಸಿನ ಬೋರ್ಡು ಸ್ಪಷ್ಟ ಕಂಡಿತಂತೆ. ಹಾಕಿಕೊಂಡೇ ಬಸ್ಸು ಹತ್ತಿದ. ಹೋಗಲಿ, ನನ್ನ ಗಂಡ ಕೊಣ್ಣೂರು ನೋಡಿಕೊಂಡಿರಲಿ ಎಂದು ನಾನೂ ಸುಮ್ಮನಾದೆ.

ಗಿರಾಕಿಗಳು ಒಬ್ಬೊಬ್ಬರೇ ಬೇರೆ ಅಂಗಡಿ ಹಿಡಿದಾಗ ಇವನಿಗೆ ಪರದೆಯ ಮೇಲೆ ಸಂಶಯ ಬಂತು. ಆಮೇಲೆ ನಡೆದ ಉಪಚಾರ ಕೇಳಬೇಡಿ. ಪರದೆಗೆ ವಿಭೂತಿ ತಿಕ್ಕಿ ಒರೆಸಿದ. ಬೆಳ್ಳಿ ಸಾಮಾನಿಗೆ ತಿಕ್ಕಿದರೆ ಹೊಳೆಯುತ್ತದಲ್ಲ, ಇದೂ ಹೊಳೆಯಬೇಕಂತೆ! ವೈರು ಕಿತ್ತು ಊದಿದ. ಮುಖ ಪೂರ್ವಕ್ಕೆ ಮಾಡಿ ಕೂಡಿಸಿದ. ಆಗಲೂ ಮಸುಕು ಹೋಗಲಿಲ್ಲ, ಬಿಸಿಲು ಬಿದ್ದು ಇದ್ದದ್ದೂ ಕಾಣದಂತಾಯಿತು.

ಅಷ್ಟರಲ್ಲಿ ಹುಕ್ಕೇರಿಯಿಂದ ನನ್ನ ನಾದಿನಿಯ ಫೋನ್ ಬಂತು. ಅವಳು ಇವನ ತಂಗಿ. "ಅಣ್ಣಾ, ಅಂಗಡಿ ನಡೀವಲ್ದಂತ? ಯುಗಾದಿತನಕ ನೋಡು. ಆಗಲಿಲ್ಲಂದ್ರ ಮುಚ್ಚಿ ನಮ್ಮಲ್ಲಿ ಬಾ. ಅಟ್ಟದ ಮ್ಯಾಲಿನ ಖೋಲಿ ಖಾಲಿ ಐತಿ." ಇವನು ಫೋನನ್ನು ಮಫ್ಲರಿನ ಮೇಲೆಯೇ ಇಟ್ಟುಕೊಂಡು ಕೇಳುತ್ತಾನೆ, ಹಾಗಾಗಿ ಅವಳು ಕಿರುಚುತ್ತಾಳೆ, ಹಾಗಾಗಿ ನನಗೆ ಹಿಂದಿನ ಖೋಲಿಯಲ್ಲಿ ಎಲ್ಲ ಕೇಳಿಸಿತು. ಹೋಗುವವನು ಹೋಗಲಿ, ನನ್ನ ರೊಟ್ಟಿ ನಾನು ಬಡಿಯುತ್ತಿದ್ದೇನೆ. ಅಂದು ಮಾತ್ರ ಹಿಟ್ಟಿಗೆ ನೀರು ಹೆಚ್ಚಾಯಿತು.

"ನಡಿ, ಅದನ್ನ ಗೋಕಾಕಕ್ಕ ಒಯ್ಯೂಣು" ಎಂದು ನಾನೇ ಹೊರಡಿಸಿದೆ.

ಮಾನಿಟರನ್ನು ಕೌದಿಯಲ್ಲಿ ಸುತ್ತಿದೆವು. ಲ್ಯಾಪ್‌ಟಾಪ್ ಬೇಡ, ಲಾಡಿ ಬಿಚ್ಚಿದರೆ ಅದರ ಜೀವ ಹೋಗುತ್ತದೆ ಎಂದ. ಬಸ್ಸಿನಲ್ಲಿ ಕೌದಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ತಗ್ಗು ಬಂದಾಗಲೆಲ್ಲ ಎದೆಗವಚಿಕೊಂಡು ಕೂತಿದ್ದ. ಬಾಜೂ ಕೂತ ಹೆಂಗಸು ಬಹಳ ಹೊತ್ತು ನೋಡಿ ನನ್ನ ಕಡೆ ಬಾಗಿದಳು.

"ಯವ್ವಾ, ಮೊಮ್ಮಗಳೇನ? ಮಾರಿ ಮ್ಯಾಲಿಂದರ ಕೌದಿ ತಗೀರಿ, ಉಸರಾಡಲಿ."

"ಉಸರಾಡಂಗಿಲ್ಲವಾ" ಎಂದೆ ನಾನು.

ಆಕೆ ಎದ್ದು ಮುಂದಿನ ಸೀಟಿಗೆ ಹೋದಳು! ಬಸ್ಸು ಗೋಕಾಕ ಮುಟ್ಟುವ ತನಕ ತಿರುಗಿ ತಿರುಗಿ ನೋಡುತ್ತಿದ್ದಳು.

ಗೋಕಾಕದ ಅಂಗಡಿಯವನು ಮಾನಿಟರನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. ಅಕ್ಷರಗಳು ಈಗ ತಾನೇ ಕೊರೆದಿಟ್ಟಂತೆ ಸ್ಪಷ್ಟ! "ಏನೂ ಆಗಿಲ್ರಿ ಇದಕ್ಕ" ಎಂದ. ಮನೆಗೆ ತಂದು ಹಚ್ಚಿದೆವು. ಅದೇ ಮಂಜು.

"ಅದಕ್ಕ ಗೋಕಾಕದ ಹವಾ ಹಿಡಿಸೇತ್ರಿ ವೈನಿ" ಎಂದ ನನ್ನ ಮೈದುನ, ಬಹಳ ವಿಚಾರ ಮಾಡಿ.

ಹವಾ ಎಂದ ಮೇಲೆ ಹುಟ್ಟಿದೂರಿಗೇ ಒಯ್ಯಬೇಕಲ್ಲ? ಕೌದಿ, ಬಸ್ಸು, ಹುಕ್ಕೇರಿ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿದೆವು. ಅದನ್ನು ಮಾರಿದವನೂ ತನ್ನ ಲ್ಯಾಪ್‌ಟಾಪಿಗೆ ಹಚ್ಚಿ ತೋರಿಸಿದ. ಅಲ್ಲಿಯೂ ಸ್ಪಷ್ಟ! ನಾದಿನಿಯ ಮನೆಯಲ್ಲಿ ಊಟಕ್ಕೆ ಕೂಡುವ ಮೊದಲು ಅವಳು ಅಟ್ಟದ ಖೋಲಿ ತೋರಿಸಿದಳು. ಸುಣ್ಣ ಬಳಿಸಿ, ಮಂಚ ಹಾಕಿಸಿ, ಗೋಡೆಗೆ ಒಂದು ಹೊಸ ಗೂಟ ಕೂಡ ಹೊಡೆಸಿದ್ದಳು. "ಅಣ್ಣನ ಮಫ್ಲರ್ ಹಾಕಾಕ" ಎಂದಳು. ಆ ಗೂಟ ನೋಡಿದ ಮೇಲೆ ನನಗೆ ಹೋಳಿಗೆ ಸೇರಲಿಲ್ಲ. ತುಪ್ಪ ಹಳೆಯದಿರಬೇಕು.

"ವೈನಿ ಒಬ್ಬರs ಆಗ್ತಾರಲ್ಲ" ಎಂದ ಇವನು.

"ನನ್ನ ಚಿಂತಿ ನಿನಗ್ಯಾಕ? ನಿನ್ನ ಪರದೆ ನೋಡ್ಕೊ" ಎಂದೆ. ಹೊಳ್ಳಿ ಬರುವಾಗ ಗಂಟು ನನ್ನ ತೊಡೆಯ ಮೇಲಿತ್ತು. ಅವನು ಕಿಟಕಿಯ ಕಡೆ ನೋಡುತ್ತಿದ್ದ.

ಯುಗಾದಿ ಹತ್ತಿರ ಬಂದಿತ್ತು. ಅವನು ಟ್ರಂಕು ಒರೆಸಿಟ್ಟಿದ್ದ. ಆಗ ಒಬ್ಬ ಹುಡುಗಿ ತನ್ನ ಲಗ್ನಪತ್ರಿಕೆಯನ್ನು ತಾನೇ ಮಾಡಿಸಲು ಬಂದಳು. ನಾನು ಮಜ್ಜಿಗೆ ಕೊಡಲು ಹೋಗಿ ಅಲ್ಲೇ ನಿಂತಿದ್ದೆ. ಅವಳು ಚಸ್ಮಾದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಪರದೆ ನೋಡಿದಳು.

"ಕಾಕಾ, ಇದರ ರೆಸಲ್ಯೂಷನ್ ಯಾರ್ರಿ ಕಡಿಮಿ ಮಾಡಿದವರು?"

"ಯಾರೂ ಏನೂ ಮಾಡಿಲ್ಲವಾ. ಗೋಕಾಕ, ಹುಕ್ಕೇರಿ ತನಕ ಹೊತ್ತು ತೋರಿಸಿ ಬಂದೇವಿ. ಅದಕ್ಕ ಈ ಊರ ಹವಾ..."

"ಎಲ್ಲಿ ಹವಾರಿ! ಪರದೆಗೆ ತನ್ನದೊಂದು ಅಳತಿ ಇರ್ತೈತಿ. ನಿಮ್ಮ ಲ್ಯಾಪ್‌ಟಾಪ್ ಸಣ್ಣ ಅಳತಿ ಕಳಸಾಕತ್ತೈತಿ. ಕೂಸಿನ ಅಂಗಿ ದೊಡ್ಡಾಂವಗ ಎಳದು ಹಾಕಿದಂಗ, ಅದು ಹಿಗ್ಗಿಸಿ ಹಿಗ್ಗಿಸಿ ತೋರಸ್ತೈತಿ. ಅದಕ್ಕ ಅಕ್ಷರ ಹಿಂಜ್ಯಾವು. ಹೊತ್ತು ತಿರಗಬೇಕಾದ್ದು ಲ್ಯಾಪ್‌ಟಾಪ್, ಮಾನಿಟರ್ ಅಲ್ಲ!"

ಇಲಿಯಂಥ ಅದರ ಮೌಸನ್ನು ಹಿಡಿದು, ಡಿಸ್‌ಪ್ಲೇ ಎಂಬ ಕಡೆ ಹೋಗಿ, ಪರದೆಯ ಸ್ವಂತ ಅಳತೆಯನ್ನು ಆರಿಸಿ ಒತ್ತಿದಳು. ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಮಂಜು ಹೋಯಿತು! ಅಕ್ಷರಗಳು ಸೂಜಿಯಿಂದ ಹೊಲಿದಂತೆ ಸಣ್ಣಗೆ, ಚೊಕ್ಕ. ಪರದೆ ಹೀಗೆ ಕಣ್ಣು ಮಿಟುಕಿಸಿದ್ದನ್ನು ನಾವಿಬ್ಬರೂ ಹಿಂದೆ ಒಮ್ಮೆ ನೋಡಿದ್ದೆವು. ಅವನು ನನ್ನ ಮುಖ ನೋಡಿದ. ನಾನು ಜೋಳದ ಚೀಲದ ಕಡೆ ನೋಡಿದೆ.

ಅವನು ಚಹಾ ಹೇಳಿ ಬರುತ್ತೇನೆಂದು ಬಾಗಿಲಿಗೆ ಓಡಿದ. ಆ ಹುಡುಗಿ ಅವನ ಬೆನ್ನಿಗೆ ಇನ್ನೊಂದು ಮಾತು ಹೇಳಿದಳು. ಮಫ್ಲರ್ ಕಿವಿಯ ಮೇಲಿತ್ತು. ಅವನಿಗೆ ಕೇಳಲಿಲ್ಲ, ನನಗೆ ಕೇಳಿತು. ಅದನ್ನು ಆಮೇಲೆ ಹೇಳುತ್ತೇನೆ.

ಗಿರಾಕಿಗಳು ಹೊಳ್ಳಿ ಬಂದರು. ಟ್ರಂಕು ಮಂಚದ ಕೆಳಗೆ ಹೋಯಿತು. ಹುಕ್ಕೇರಿಯ ಗೂಟ ಖಾಲಿ ಉಳಿಯಿತು. ಆದರೆ ಆ ಹುಡುಗಿ ಬಂದ ದಿನವೇ ಸಂಜೆ ಐದಕ್ಕೆ ನಾನು ಹೋಗಿ ಕೂತರೆ ಪರದೆ ತುಂಬ ಸಾಸಿವೆ. ಬೆರಳಿಟ್ಟೆ. ಯಾವುದು 'ಅ', ಯಾವುದು 'ಆ' ಒಂದೂ ತಿಳಿಯಲಿಲ್ಲ. "ಚೊಲೊ ಆತು ಬಿಡು. ನಿನ್ನ ದಗದ ನಡೀತಲ್ಲ" ಎಂದು ಎದ್ದು ಬಂದೆ.

ಮರುದಿನ ಐದಕ್ಕೆ ಕೂಗು ಬಂತು. ಹೋದರೆ ಪರದೆಯ ಮೇಲೆ ಬದನೆಕಾಯಿ. ಮಂಜು ಸಹಿತ.

"ಮತ್ತ ಕೆಟ್ಟಿತೇನೊ?"

"ಇಲ್ರಿ ವೈನಿ. ನಾನs ಕೆಡಿಸೇನಿ. ಕೂಡ್ರಿ."

ಅಂದಿನಿಂದ ಇದೇ ನಡೆದಿದೆ. ಐದಕ್ಕೆ ಕೆಡಿಸುತ್ತಾನೆ, ನಾನು ಎದ್ದ ಮೇಲೆ ಸರಿ ಮಾಡುತ್ತಾನೆ. ಒಮ್ಮೆ ಒಬ್ಬ ಗಿರಾಕಿ ತಡವಾಗಿ ಬಂದು ಮಂಜು ನೋಡಿ ಗಾಬರಿಯಾದ. "ಐದರ ಮ್ಯಾಲ ಬಂದ್ರ ಇದು ಹಿಂಗs. ಮುಂಜಾನೆ ಬರ್ರಿ" ಎಂದು ಕಳಿಸಿದ. ಇಂಥವನನ್ನು ಹುಚ್ಚನಲ್ಲ ಎಂದು ನಾನು ಸಾಕ್ಷಿ ಹೇಳಬೇಕು!

ಇನ್ನು ಆ ಹುಡುಗಿಯ ಮಾತು. "ಅಕ್ಷರ ಸಣ್ಣ ಅನಿಸಿದ್ರ ಅದರ ಮ್ಯಾಲಿನ ಸಾಲಿನ್ಯಾಗ ಸ್ಕೇಲ್ ಅಂತ ಐತ್ರಿ ಕಾಕಾ. ಅದನ್ನ ನೂರಾ ಐವತ್ತು ಮಾಡ್ರಿ. ದಪ್ಪೂ ಆಗ್ತಾವು, ಮಬ್ಬೂ ಆಗಂಗಿಲ್ಲ." ಹೀಗೆಂದಿದ್ದಳು. ಒಂದು ಸಲ ಹಾಗೆ ಮಾಡಿಟ್ಟರೆ ಮುಗಿಯಿತು. ಅವನು ದಿನಾ ಕೆಡಿಸಿ ದಿನಾ ಸರಿ ಮಾಡಬೇಕಿಲ್ಲ, ನನ್ನ ದಾರಿ ಕಾಯಬೇಕಿಲ್ಲ, ಐದು ಗಂಟೆ ಎಂಬುದೊಂದು ಬೇಕಿಲ್ಲ. ಇದನ್ನು ನಾನು ಅವನಿಗೆ ಈ ತನಕ ಹೇಳಿಲ್ಲ.

ಟಕಟಕ ನಿಂತಿತು.

"ಯಾಕ ನಿಂತ್ಯೊ? ಹೊಡಿ."

"ಹೊಡ್ಯಾಕತ್ತೇನ್ರಿ."

"ನಾ ಹೇಳಿದ್ದು ಕೇಳಿಸ್ತೋ ಇಲ್ಲೋ?"

ಮಫ್ಲರ್ ಕುರ್ಚಿಯ ಬೆನ್ನ ಮೇಲಿತ್ತು. ಕಿವಿ ಎರಡೂ ಬಯಲಿಗೆ ಬಿದ್ದಿದ್ದವು.

"ಇಲ್ರಿ ವೈನಿ" ಎಂದ. "ಕಡೀ ಮಾತು ಕೇಳಿಸಲಿಲ್ಲ. ಇರ್ಲಿ, ನಾಳಿ ಐದಕ್ಕ ಇನ್ನೊಮ್ಮಿ ಹೇಳೀರಂತ."

ನಾನು ಪರದೆ ನೋಡಿದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಆ ಮಾತು ಅಲ್ಲಿತ್ತು. ಪೂರ್ತಿ ಇತ್ತು, ದಪ್ಪಗೆ, ಮಸುಕು ಮಸುಕಾಗಿ.