ಏಳು ದಿನದ ಮೀನು, ತೊಂಬತ್ತು ಲಕ್ಷದ ಕಾಗದ

ನಮ್ಮ ಮನೆಯನ್ನು ಫುಟ್‌ಬಾಲ್ ತಂಡದಷ್ಟೇ ಶಿಸ್ತಾಗಿ ನಡೆಸಿ ತೋರಿಸುತ್ತೇನೆ ಎಂದು ನಾನು ಶಪಥ ಮಾಡಿದ್ದೆ. ಅಮೆರಿಕದ ಟೊಲೆಡೊ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಸಂಬಳದ ಮಿತಿ ನೋಡಿಕೊಳ್ಳುವ ಮಹಾಪುರುಷ ನಾನೇ!

ಲೀಗಿನಲ್ಲಿ ಪ್ರತಿ ತಂಡವೂ ಆಟಗಾರರಿಗೆ ವರ್ಷಕ್ಕೆ ಇಷ್ಟೇ ಸಂಬಳ ಕೊಡಬಹುದು ಎಂಬ ಮಿತಿ ಇದೆ. ಅದರಲ್ಲಿ ಮಿಕ್ಕಿದ್ದನ್ನು ಮುಂದಿನ ವರ್ಷದ ಮಿತಿಗೆ ಸೇರಿಸಿಕೊಳ್ಳಬಹುದು. ಆದರೆ ಅದು ತಾನಾಗಿ ಸೇರುವುದಿಲ್ಲ. ಗಡುವಿನೊಳಗೆ ಬರೆದು ಕೊಡಬೇಕು. ತಪ್ಪಿದರೆ ಗೋವಿಂದ!

ನಮ್ಮ ಮನೆಯಲ್ಲೂ ಒಂದು ಮಿತಿ ಇದೆ. ಹೆಪ್ಪುಗಟ್ಟಿದ ಈರಿ ಸರೋವರದ ಮೇಲೆ ಕೂತು ನಾನು ಮೀನು ಹಿಡಿಯಲು ಚಳಿಗಾಲಕ್ಕೆ ಹತ್ತು ದಿನ. ಇದು ನನ್ನ ಹೆಂಡತಿ ಡೊರೀನ್ ಹಾಕಿದ ಕಾನೂನು. ಈ ಸಲ ಹಿಮ ಸರಿಯಾಗಿ ಕಟ್ಟಲೇ ಇಲ್ಲ, ನಾನು ಖರ್ಚು ಮಾಡಿದ್ದು ಮೂರೇ ದಿನ. ಮಿಕ್ಕ ಏಳನ್ನು ದಾಟಿಸಿದರೆ ಮುಂದಿನ ವರ್ಷ ಹದಿನೇಳು! ತಮ್ಮ ಕ್ಯಾಸಿಮಿರ್ ಜೊತೆ ಹದಿನೇಳು ದಿನ ಹಿಮದ ಮೇಲೆ ಗುಡಿಸಲು ಹಾಕುವುದೆಂದು ಅವನಿಗೆ ಮಾತೂ ಕೊಟ್ಟುಬಿಟ್ಟೆ.

ಡೊರೀನ್‌ಗೆ ಅರ್ಧ ಗಂಟೆ ಭಾಷಣ ಬಿಗಿದೆ. ಅವಳು ಆಲೂಗಡ್ಡೆ ಹೂರಣದ ಪಿಯರೋಗಿ ಕಡುಬು ಮಡಚುತ್ತಲೇ ಎಲ್ಲ ಕೇಳಿಸಿಕೊಂಡಳು.

"ಸರಿ, ಹಂಗಾದ್ರೆ ಬರೆದು ಕೊಡು. ನಿಮ್ಮ ಲೀಗಿನ ಗಡುವು ಯಾವಾಗ?"

"ಶುಕ್ರವಾರ ಸಂಜೆ ನಾಲ್ಕು."

"ನಂದೂ ಅದೇ. ಫ್ರಿಜ್ ಮೇಲೆ ಅಂಟಿಸಿರಬೇಕು."

ನಾನು ಎರಡು ಪತ್ರ ಸಿದ್ಧಮಾಡಿದೆ. ಗತ್ತಿಗೆಂದು ಮನೆಯ ಪತ್ರವನ್ನೂ ಕ್ಲಬ್ಬಿನ ಮುದ್ರೆಯ ಕಾಗದದಲ್ಲೇ ಹೊಡೆದೆ. ಕ್ಲಬ್ಬಿನ ಪತ್ರಕ್ಕೆ ಎಂಬತ್ತೆರಡು ವರ್ಷದ ನಮ್ಮ ಒಡತಿಯ ಸಹಿ ಹಾಕಿಸಿಕೊಂಡೆ. ಶುಕ್ರವಾರ ಬೆಳಿಗ್ಗೆ ಒಂದನ್ನು ಫ್ರಿಜ್ಜಿಗೆ ಅಂಟಿಸಿ, ಇನ್ನೊಂದನ್ನು ಚೀಲಕ್ಕೆ ತುರುಕಿ, ಆಫೀಸಿಗೆ ಹೋದೆ. ಮೂರು ಗಂಟೆಗೆ ಅದನ್ನು ಸ್ಕ್ಯಾನ್ ಮಾಡಿ ನ್ಯೂಯಾರ್ಕಿನ ಲೀಗ್ ಕಚೇರಿಗೆ ಕಳಿಸಿ, ಕಾಲು ಮೇಜಿನ ಮೇಲಿಟ್ಟೆ. ಕನ್ನಡಕ ಮಾತ್ರ ಮನೆಯಲ್ಲೇ ಇತ್ತು.

ಮೂರೂಮುಕ್ಕಾಲಿಗೆ ಲೀಗಿನ ಕಚೇರಿಯ ಪ್ರಿಸಿಲ್ಲ ಫೋನ್ ಮಾಡಿದಳು.

"ನಿಮ್ಮ ಪತ್ರ ಬಂತು ಸಾರ್. ಒಂದು ಸಣ್ಣ ಅನುಮಾನ. ನಿಮ್ಮ ತಂಡ ಮುಂದಿನ ವರ್ಷಕ್ಕೆ ಏಳು ದಿನ ಮೀನು ಹಿಡಿಯೋದನ್ನ ದಾಟಿಸ್ತಾ ಇದೆಯಾ?"

ಕುರ್ಚಿಯಿಂದ ಬೀಳುವುದೊಂದು ಬಾಕಿ! ತಂಡಕ್ಕೆ ಈ ವರ್ಷ ಮಿಕ್ಕಿದ್ದ ತೊಂಬತ್ತು ಲಕ್ಷ ಡಾಲರ್ ನಮ್ಮ ಫ್ರಿಜ್ಜಿಗೆ ಅಂಟಿಕೊಂಡಿತ್ತು. ಅದು ಹೋದರೆ ಇಡೀ ಊರು ತಲೆಮೇಲೆ ಹೊತ್ತು ಮೆರೆಸುವ ನಮ್ಮ ಹಿರಿಯ ರಕ್ಷಣಾ ಆಟಗಾರ ಡೆಲ್‌ರಾಯ್ ಸಂಬಳ ಸಾಲದೆ ಬೇರೆ ತಂಡಕ್ಕೆ, ನಾನು ಬೀದಿಗೆ. ಹೊಸದು ಹೊಡೆಯೋಣವೆಂದರೆ ಸಹಿ ಮಾಡಬೇಕಾದ ಒಡತಿ ಫ್ಲಾರಿಡಾದ ವಿಮಾನದಲ್ಲಿದ್ದಾರೆ. ಮನೆಗೆ ನಲವತ್ತು ನಿಮಿಷದ ದಾರಿ. ಉಳಿದಿರುವುದು ಹದಿಮೂರು ನಿಮಿಷ.

ಡೊರೀನ್‌ಗೆ ಫೋನ್ ಮಾಡಿ ಗೋಗರೆದೆ. ಫ್ರಿಜ್ ಮೇಲಿರುವುದರ ಫೋಟೋ ಕಳಿಸು ಎಂದೆ. ಅವಳು ಮೊದಲು ಅದನ್ನು ನಿಧಾನವಾಗಿ ಓದಿದಳು. ತೊಂಬತ್ತು ಲಕ್ಷಕ್ಕೆ ಎಷ್ಟು ಸೊನ್ನೆ ಎಂದು ಎಣಿಸಿದಳು. ಆಮೇಲೆ ಕಾಗದದ ಮೇಲೆ ಬಿದ್ದಿದ್ದ ಬೆಣ್ಣೆಯ ಕಲೆ ಒರೆಸಿದಳು. ಅಷ್ಟರಲ್ಲಿ ನನ್ನ ಆಯಸ್ಸು ಅರ್ಧ ಮುಗಿದಿತ್ತು! ಮೂರು ಐವತ್ತಾರಕ್ಕೆ ಫೋಟೋ ಬಂತು, ಹಾಗೇ ಲೀಗಿಗೆ ಕಳಿಸಿದೆ. ಐವತ್ತೆಂಟಕ್ಕೆ ಪ್ರಿಸಿಲ್ಲ, "ಸ್ವೀಕರಿಸಿದ್ದೀವಿ" ಎಂದಳು.

ಕಣ್ಣಲ್ಲಿ ನೀರೇ ಬಂತು. ಮೂಗು ಒರೆಸಿಕೊಂಡು, ನೀರು ಕುಡಿದು, ಡೊರೀನ್‌ಗೆ ಮತ್ತೆ ಫೋನ್ ಮಾಡಿದೆ. ನೀನು ನನ್ನ ಮಾನ ಉಳಿಸಿದೆ, ಕೆಲಸ ಉಳಿಸಿದೆ, ಡೆಲ್‌ರಾಯ್‌ನನ್ನೂ ಉಳಿಸಿದೆ ಎಂದು ಮನಸಾರೆ ಹೊಗಳಿದೆ.

"ಇರಲಿ ಬಿಡು ಲೆನ್," ಎಂದಳು. "ಈಗ ನಾಲ್ಕು ಗಂಟೆ ಐದು ನಿಮಿಷ. ಫ್ರಿಜ್ ಮೇಲೆ ನಿನ್ನ ಮೀನಿನ ಪತ್ರ ಇಲ್ಲ."

ನಾನು ಬಿಡಲಿಲ್ಲ. "ಪತ್ರ ಕಳಿಸಿದ್ದೀನಲ್ಲೇ! ಮೂರು ಗಂಟೆಗೇ ಲೀಗಿಗೆ ತಲುಪಿದೆ. ದಾಖಲೆ ಇದೆ, ಬೇಕಾದ್ರೆ ಕೇಳು."

"ಗಡುವಿನೊಳಗೇ ತಲುಪಿದೆಯಾ?"

"ಒಂದು ಗಂಟೆ ಮೊದಲೇ!"

"ಒಳ್ಳೇದಾಯ್ತು," ಎಂದಳು ಡೊರೀನ್. "ಆ ಏಳು ದಿನ ಲೀಗಿನೋರ ಹತ್ರಾನೇ ಕೇಳಿಕೋ."