ವೆಂಡಲ್‌ನ ಡಿಗ್ರಿ ಮೊಕದ್ದಮೆ

ಅಮೆರಿಕದ ಟೊಲೀಡೊ ಊರಿನ ವಕೀಲ ಹಾಲ್‌ಬ್ರೂಕ್ ಅವರ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಫೈಲು ಹೊರುತ್ತಿದ್ದ ವೆಂಡಲ್ ಸಾಬೊನಿಗೆ ಆ ಗುರುವಾರ ಬೆಳಿಗ್ಗೆ ಕಾಲೇಜಿನಿಂದ ಈಮೇಲ್ ಬಂತು. ಪ್ಯಾರಾಲೀಗಲ್ ಪದವಿಯ ಸಂಜೆ ತರಗತಿಯಲ್ಲಿ ಸೀಟು ಬೇಕಿದ್ದರೆ ಇವತ್ತು ಐದು ಗಂಟೆಯೊಳಗೆ ಐದುನೂರು ಡಾಲರ್ ಕಟ್ಟಬೇಕು. ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ.

ಪ್ಯಾರಾಲೀಗಲ್ ಎಂದರೆ ವಕೀಲರು ಮಾಡಬೇಕಾದ ಕೆಲಸವನ್ನೆಲ್ಲ ಮಾಡಿ, ಸಹಿಯ ಜಾಗವನ್ನು ಮಾತ್ರ ವಕೀಲರಿಗೆ ಬಿಟ್ಟುಕೊಡುವವರು. ಅದರಲ್ಲಿ ಅರ್ಧ ಕೆಲಸವನ್ನು ವೆಂಡಲ್ ಈಗಾಗಲೇ ಮಾಡುತ್ತಿದ್ದ. ಆದರೆ ಅವನ ಹೆಸರು ಗುಮಾಸ್ತ, ಸಂಬಳವೂ ಗುಮಾಸ್ತನದೇ, ಕೂರುವ ಜಾಗ ಜೆರಾಕ್ಸ್ ಮಷೀನಿನ ಪಕ್ಕ. ಕಚೇರಿಯ ಪ್ಯಾರಾಲೀಗಲ್ ಮಾರ್ಲೀನ್ ತಿಂಗಳ ಕೊನೆಗೆ ನಿವೃತ್ತಿಯಾಗುವವಳಿದ್ದಳು. ಕಿಟಕಿಯ ಪಕ್ಕದ ಅವಳ ಮೇಜಿನ ಮೇಲೆ ಇವನ ಕಣ್ಣು. ಓದುತ್ತಿದ್ದೇನೆ ಎಂದಾದರೂ ಹೇಳಿಕೊಂಡರೆ ಆ ಮೇಜು ಸಿಕ್ಕೀತು, ಇಲ್ಲವಾದರೆ ನಲವತ್ತನಾಲ್ಕರ ಈ ವಯಸ್ಸಿನಲ್ಲಿ ಇನ್ನು ಜೆರಾಕ್ಸ್ ಮಷೀನೇ ಗತಿ ಎಂದು ಅವನು ನಂಬಿದ್ದ.

ಹೆಂಡತಿ ಇರ್ಮಾಗೆ ಫೋನ್ ಮಾಡಿದ.

"ಕೈಲಿರೋದು ಹೀಟರ್ ರಿಪೇರಿಗೆ ಇಟ್ಟಿರೋ ಐದುನೂರು," ಅಂದಳು ಇರ್ಮಾ. "ಕಟ್ಟೋದಾದ್ರೆ ಕಟ್ಟು, ನಾನು ಎರಡು ಸ್ವೆಟರ್ ಹಾಕ್ಕೋತೀನಿ. ಆದ್ರೆ ನಿನ್ನ ತಲೆ ಒಂದನ್ನೇ ನಂಬ್ಕೊಂಡು ಕಟ್ಬೇಡ. ತಿಳಿದೋರನ್ನ ಕೇಳು."

ತಿಳಿದವರೆಂದರೆ ಮಾರ್ಲೀನ್. ಅವಳ ಮೇಜಿನ ಮುಂದೆ ಹೋಗಿ ನಿಂತ.

"ಈ ಡಿಗ್ರಿ ಮಾಡಿದ್ರೆ ಲಾಭ ಇದೆಯಾ ಮಾರ್ಲೀನ್?"

"ನೋಡಪ್ಪ, ಪ್ಯಾರಾಲೀಗಲ್ ಆದೋರು ಸಲಹೆ ಕೊಡೋ ಹಾಗಿಲ್ಲ. ಅದು ವಕೀಲರ ಹಕ್ಕು. ಮಾಹಿತಿ ಬೇಕಾದ್ರೆ ಕೇಳು."

"ಇದೇನು ಕಾನೂನಿನ ವಿಷಯ ಅಲ್ವಲ್ಲ."

"ಇಪ್ಪತ್ತಾರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದೀನಿ. ಹೋಗೋ ಕಾಲಕ್ಕೆ ಜಾರೋದು ಬೇಡ." ಅವಳು ಗಡಿಯಾರ ನೋಡಿದಳು. ಆ ಕಚೇರಿಯಲ್ಲಿ ಪ್ರತಿ ಆರು ನಿಮಿಷವನ್ನೂ ಒಬ್ಬ ಕಕ್ಷಿದಾರನ ಖಾತೆಗೆ ಬರೆಯಬೇಕಿತ್ತು. "ಆರು ನಿಮಿಷ ಆಗೋಯ್ತು. ಇದನ್ನ ಯಾರ ತಲೆಗೆ ಕಟ್ಲಿ ಹೇಳು."

ಸಲಹೆ ಕೊಡುವ ಹಕ್ಕಿಲ್ಲದವಳು ಕೊಡಲಿಲ್ಲ, ಸರಿ. ಆದರೆ ಸ್ವಾಗತದ ಮೇಜಿನಲ್ಲಿ ಗೇಲ್ ಇದ್ದಳಲ್ಲ. ಅವಳನ್ನು ಯಾರೂ ಕೇಳಬೇಕಾಗಿಯೇ ಇರಲಿಲ್ಲ.

"ಏನೋ ವೆಂಡಲ್, ಕಾಲೇಜಿಗೆ ಹೋಗ್ತೀಯಂತೆ? ಮನಸ್ಸಲ್ಲೇ ಲೆಕ್ಕ ಹಾಕಿದ್ರೆ ಮುಳುಗ್ತೀಯ. ಬಾ, ಬೋರ್ಡ್ ಮೇಲೆ ಹಾಕೋಣ."

ಊಟದ ಹೊತ್ತಿನಲ್ಲಿ ಅವನ ತೋಳು ಹಿಡಿದು ಮೀಟಿಂಗ್ ಕೋಣೆಗೆ ಎಳೆದುಕೊಂಡು ಹೋದಳು. ಅಲ್ಲಿನ ವೈಟ್‌ಬೋರ್ಡಿನ ಮೇಲೆ ರಸ್ತೆಯ ಒಂದು ಚೌಕ, ಒಂದು ವ್ಯಾನು, ಕಡ್ಡಿಯಂಥ ಒಂದು ಹೆಂಗಸಿನ ಚಿತ್ರ ಇತ್ತು.

"ಇದು ಸಾರ್ ಬರೆದಿರೋದು ಅನ್ಸುತ್ತೆ," ಅಂದ ವೆಂಡಲ್.

"ನಿಮ್ಮ ಸಾರ್‌ಗೆ ಇಷ್ಟು ಚೆನ್ನಾಗಿ ಬರಿಯೋಕೆ ಎಲ್ಲಿ ಬರುತ್ತೆ?" ಎನ್ನುತ್ತಲೇ ಗೇಲ್ ಎಲ್ಲವನ್ನೂ ಒರೆಸಿಬಿಟ್ಟಳು.

ನಾಲ್ಕು ವರ್ಷದ ಫೀಸು, ಪುಸ್ತಕ, ಪಾರ್ಕಿಂಗ್ ಎಲ್ಲ ಸೇರಿ ನಲವತ್ತೆಂಟು ಸಾವಿರ. ಗುಮಾಸ್ತನಿಗೆ ಗಂಟೆಗೆ ಹದಿನೇಳು, ಪ್ಯಾರಾಲೀಗಲ್‌ಗೆ ಇಪ್ಪತ್ತನಾಲ್ಕು. ತೆರಿಗೆ ಕಳೆದು ಭಾಗಿಸುತ್ತಿದ್ದಾಗ ಕಿರಿಯ ವಕೀಲ ಟ್ರೆಂಟ್ ಸ್ಯಾಂಡ್‌ವಿಚ್ ಕಚ್ಚುತ್ತಾ ಒಳಗೆ ಬಂದ.

"ಆಕ್ಷೇಪಣೆ ಇದೆ," ಅಂದ. "ಬಡ್ಡಿ ಎಲ್ಲಿ? ನಾನು ಓದೋಕೆ ಮಾಡಿದ ಸಾಲ ನನಗಿಂತ ಬೇಗ ಬೆಳೀತಿದೆ. ಬೇಡ ಕಣೋ ವೆಂಡಲ್, ಫೋನಲ್ಲಿ ಹೇಳ್ತಿದ್ಯಲ್ಲ, ಆ ಹೀಟರ್ ರಿಪೇರಿ ಮಾಡಿಸ್ಕೊಂಡು ಬೆಚ್ಚಗಿರು."

"ನೀನು ಸುಮ್ನಿರು," ಅಂದಳು ಗೇಲ್. "ಅವನು ಮೇಲೆ ಬರೋದು ಬೇಡ್ವಾ?"

ಒಬ್ಬರು ಪರ, ಒಬ್ಬರು ವಿರುದ್ಧ. ವಾದ ಕಾವೇರಿತು. ಗೇಲ್ ಮಾತಿಗೆ ವೆಂಡಲ್ ಉಬ್ಬಿದ, ಟ್ರೆಂಟ್ ಮಾತಿಗೆ ಇಳಿದ. ಕೊನೆಗೆ ಬೋರ್ಡಿನ ಮೇಲೆ ಉಳಿದದ್ದು ಇಷ್ಟು: ಒಟ್ಟು ಖರ್ಚು ನಲವತ್ತೆಂಟು ಸಾವಿರ, ಬಡ್ಡಿ ಬೇರೆ. ಕೈಗೆ ಕಾಸು ಹತ್ತುವುದು ಒಂಬತ್ತು ವರ್ಷದ ಮೇಲೆ, ಅಲ್ಲಿಯವರೆಗೆ ಬದುಕಿದ್ದರೆ. ಕೊನೆಯ ಆ ಮಾತು ಬರೆದದ್ದು ಟ್ರೆಂಟ್.

ಅಷ್ಟರಲ್ಲಿ ಕೋರ್ಟಿಗೆ ಕಾಗದ ಮುಟ್ಟಿಸುವ ಹೊತ್ತಾಯಿತೆಂದು ವೆಂಡಲ್ ಓಡಿದ. ಗೇಲ್ ತನ್ನ ಮೇಜಿಗೆ ಹೋದಳು. ಬೋರ್ಡ್ ಒರೆಸುವುದು ಯಾರ ನೆನಪಿಗೂ ಬರಲಿಲ್ಲ.

ವೆಂಡಲ್ ವಾಪಸು ಬಂದಾಗ ಮೀಟಿಂಗ್ ಕೋಣೆಯಿಂದ ಜೋರು ಅಳು ಕೇಳಿಸುತ್ತಿತ್ತು. ವ್ಯಾನು ಬಡಿದು ಸೊಂಟ ಮುರಿದುಕೊಂಡಿದ್ದ ಎಪ್ಪತ್ತೆಂಟು ವರ್ಷದ ಕಕ್ಷಿದಾರೆ ಮಿಸೆಸ್ ಪ್ರೂಟ್ ಬೋರ್ಡಿನ ಕಡೆ ಊರುಗೋಲು ತೋರಿಸುತ್ತಿದ್ದರು.

"ಗೆದ್ದ ಮೇಲೆ ಫೀಸು ಅಂದ್ರಿ. ಈಗ ನಲವತ್ತೆಂಟು ಸಾವಿರ ಖರ್ಚು ಅಂತೀರಿ. ನನಗೆ ದುಡ್ಡು ಬರೋದು ಒಂಬತ್ತು ವರ್ಷಕ್ಕಾ? ಬದುಕಿದ್ದರೆ ಅಂತ ಬೇರೆ ಬರೆದಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಹಾಲ್‌ಬ್ರೂಕ್ ಬೆವರು ಒರೆಸಿಕೊಳ್ಳುತ್ತಿದ್ದರು. ಅದು ಆಕೆಯ ಮೊಕದ್ದಮೆಯ ಲೆಕ್ಕ ಅಲ್ಲವೆಂದು ನಂಬಿಸಿ, ಕಾಫಿ ಕುಡಿಸಿ, ಕಾರಿನವರೆಗೆ ಕೈಹಿಡಿದು ಬಿಟ್ಟು ಬರುವಷ್ಟರಲ್ಲಿ ನಾಲ್ಕು ದಾಟಿತ್ತು. ಬಂದವರೇ ವೆಂಡಲ್‌ನನ್ನು ಕರೆದರು.

"ಯಾರ ಮೊಕದ್ದಮೆ ಇದು?"

"ನಂದೇ ಸಾರ್. ಪ್ಯಾರಾಲೀಗಲ್ ಡಿಗ್ರಿ ಮಾಡೋ ಲೆಕ್ಕ."

ಹಾಲ್‌ಬ್ರೂಕ್ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಹನ್ನೊಂದು ವರ್ಷ ಇಲ್ಲಿ ಕೆಲಸ ಮಾಡಿದೋನು ನೀನು. ಇಷ್ಟೊಂದು ದುಡ್ಡು ಸುರಿದು ಓದ್ಲೇಬೇಕು ಅನ್ಸಿದೆಯಾ?"

ಕೆಲಸ ಉಳಿದರೆ ಸಾಕೆಂದು ವೆಂಡಲ್ ಬಾಯಿಗೆ ಬಂದದ್ದನ್ನು ಹೇಳಿದ: "ಹೌದು ಸಾರ್. ಡಿಗ್ರಿ ಇಲ್ಲದೋನು ಮಾರ್ಲೀನ್ ಮೇಜಲ್ಲಿ ಕೂತ್ರೆ ಕಚೇರಿಗೇ ಮರ್ಯಾದೆ ಅಲ್ಲ."

ಹಾಲ್‌ಬ್ರೂಕ್ ಅವನನ್ನು ದಿಟ್ಟಿಸಿ ನೋಡಿದರು. "ಭೇಷ್," ಎಂದು ಭುಜ ತಟ್ಟಿ ಹೊರಗೆ ಹೋದರು.

ಇನ್ನೇನು ಬೇಕು? ಸಾಹೇಬರೇ ಭೇಷ್ ಅಂದ ಮೇಲೆ ತಿಳಿದವರನ್ನು ಕೇಳಿದಂತಾಯಿತು. ವೆಂಡಲ್ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲೇ ಹೀಟರಿನ ದುಡ್ಡನ್ನು ಕಾಲೇಜಿಗೆ ಕಟ್ಟಿಬಿಟ್ಟ. ಹೊರಬಂದಾಗ ಅವನ ಎದೆ ಹಗುರವಾಗಿತ್ತು.

ಐದಕ್ಕೆ ಹಾಲ್‌ಬ್ರೂಕ್ ಎಲ್ಲರನ್ನೂ ಸೇರಿಸಿದರು. ಕೈಯಲ್ಲೊಂದು ಕಾಗದ ಇತ್ತು.

"ಇದು ವೆಂಡಲ್‌ನ ಬಡ್ತಿ ಆದೇಶ," ಅಂದರು. "ಒಂದನೇ ತಾರೀಖಿಂದ ಮಾರ್ಲೀನ್ ಮೇಜು, ಮಾರ್ಲೀನ್ ಸಂಬಳ. ಬೆಳಿಗ್ಗೆನೇ ಸಹಿ ಹಾಕಿದ್ದೆ."

ವೆಂಡಲ್ ಕೈ ಚಾಚಿದ, ಹಾಲ್‌ಬ್ರೂಕ್ ಕಾಗದ ಬಿಡಲಿಲ್ಲ.

"ಡಿಗ್ರಿ ವಿಷಯ ನನ್ನ ತಲೆಗೇ ಹೊಳೆದಿರ್ಲಿಲ್ಲ. ಈ ರಾಜ್ಯದಲ್ಲಿ ಅದನ್ನ ಯಾರೂ ಕೇಳಲ್ಲ. ಮಾರ್ಲೀನ್‌ಗೂ ಡಿಗ್ರಿ ಇಲ್ಲ."

ಎಲ್ಲರೂ ಮಾರ್ಲೀನ್ ಕಡೆ ತಿರುಗಿದರು. "ಮಾಹಿತಿ ಬೇಕಾದ್ರೆ ಕೇಳು ಅಂದಿದ್ದೆನಲ್ಲ," ಅಂದಳು ಅವಳು.

"ಆದ್ರೆ ಇವತ್ತು ಇವನು ನನ್ನ ಕಣ್ಣು ತೆರೆಸಿದ," ಎಂದು ಹಾಲ್‌ಬ್ರೂಕ್ ಕಾಗದವನ್ನು ನಾಲ್ಕು ಚೂರು ಮಾಡಿದರು. "ಕಚೇರಿಯ ಮರ್ಯಾದೆ ಅಂದ್ರೆ ಮರ್ಯಾದೆ. ನೀನು ಓದಿ ಮುಗಿಸೋವರೆಗೂ ಆ ಮೇಜು ಖಾಲಿ ಇರುತ್ತೆ ವೆಂಡಲ್. ಬೇರೆ ಯಾರನ್ನೂ ಕೂರಿಸಲ್ಲ, ಮಾತು ಕೊಡ್ತೀನಿ."

"ಸಾರ್," ಅಂದ ವೆಂಡಲ್ ಕಷ್ಟಪಟ್ಟು, "ಅಲ್ಲೀವರೆಗೆ ಮಾರ್ಲೀನ್ ಕೆಲಸ ಯಾರು ಮಾಡೋದು?"

"ನೀನೇ. ನೀನಲ್ದೆ ಇನ್ಯಾರಿಗೆ ಬರುತ್ತೆ? ನಿನ್ನ ಮೇಜಲ್ಲೇ ಕೂತು ಮಾಡು. ಸಂಬಳದ್ದು ಡಿಗ್ರಿ ಬಂದ್ಮೇಲೆ ನೋಡೋಣ."

ಗೇಲ್ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ವೆಂಡಲ್ ಕೂಡ ತಟ್ಟಿದ.