ಮಣ್ಣೆತ್ತು ಮೇಯದ ಹುಲ್ಲು

ಹುಲಿ ಉಳಿಸುತ್ತೇನೆ ಎಂದವನಿಗೆ ಜನ ಕೈ ಮುಗಿಯುತ್ತಾರೆ. ಹುಲ್ಲು ಉಳಿಸುತ್ತೇನೆ ಎಂದು ಹೇಳಿ ನೋಡಿ. "ಎಮ್ಮಿ ಎಷ್ಟ ಕಟ್ಟೀರಿ, ಸರ?" ಎಂದು ಕೇಳುತ್ತಾರೆ. ಗೋಕಾಕದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಈ ಪ್ರಶ್ನೆಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದ್ದೇನೆ. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ, ಅದರ ಮುಂದೆ ಕಿಂದರಿ ಬಾರಿಸುವ ನಾನು ಮಾತ್ರ ಇದ್ದೇನೆ.

ಹುಕ್ಕೇರಿ ಕಡೆಯ ಒಂದು ಕಲ್ಲುಗುಡ್ಡದ ನೆತ್ತಿಯ ಮೇಲೆ ಒಂದು ಹುಲ್ಲಿದೆ. ಗೇಣುದ್ದ, ತುದಿಗೆ ಒಂದಿಷ್ಟು ಕೆಂಪು, ಅಷ್ಟೇ. ಆದರೆ ನಾವು ತಿಳಿದ ಮಟ್ಟಿಗೆ ಅದು ಬೇರೆಲ್ಲೂ ಇಲ್ಲ. ಹೋದ ಬೇಸಿಗೆಯಲ್ಲಿ ಯಾವನೋ ಪುಣ್ಯಾತ್ಮ ಬೀಡಿ ಎಸೆದು ಗುಡ್ಡಕ್ಕೆ ಬೆಂಕಿ ಬಿತ್ತು. ಇದ್ದ ಹುಲ್ಲಿನಲ್ಲಿ ಹೆಚ್ಚಿನದೆಲ್ಲ ಸುಟ್ಟುಹೋಯಿತು. ಗುಡ್ಡದ್ದು ಪೂರಾ ಹೋದರೂ ಬೀಜಕ್ಕೊಂದಿರಲಿ ಎಂದು, ಅರಣ್ಯದವರ ಒಪ್ಪಿಗೆ ಪಡೆದು ಒಂದು ಬುಡವನ್ನು ಮನೆಗೆ ತಂದೆ. ಹೊಸ ಕುಂಡ, ಎರೆಗೊಬ್ಬರ, ಎರಡು ಹೊತ್ತು ನೀರು. "ಮಕ್ಕಳ ತೊಟ್ಟಿಲಾನೂ ಹಿಂಗ ಕಾಯ್ದಿಲ್ಲ ನೀವು" ಎಂದಳು ನನ್ನ ಹೆಂಡತಿ ಮಹಾದೇವಿ. ಹುಲ್ಲು ಹಳದಿಯಾಗತೊಡಗಿತು. ನಾನು ಇನ್ನಷ್ಟು ಗೊಬ್ಬರ ಹಾಕಿದೆ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಎತ್ತಿಲ್ಲದ ಮನೆಯಲ್ಲೂ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಅವುಗಳ ಮುಂದೆ ಮೇವಿಗೆಂದು ಮಣ್ಣಿನದೇ ಗ್ವಾದಲಿ ಇಡುತ್ತಾರೆ, ಅದು ಬರಿದಿರಬಾರದು. ಮಹಾದೇವಿ ಕೌಜಲಗಿಯ ತವರಿನಿಂದ ಎರೆಮಣ್ಣು ತರಿಸಿ ಎತ್ತು ಮಾಡಿದ್ದಳು. ನಾನು ಕಾಲೇಜಿನಿಂದ ಬಂದು ನೋಡುತ್ತೇನೆ, ಕುಂಡ ಬರಿದಾಗಿದೆ, ಗ್ವಾದಲಿ ತುಂಬಿದೆ!

"ಏನ್ ಮಾಡಿದಿ ನೀ! ಇಡೀ ಜಗತ್ತಿನ್ಯಾಗ ಒಂದ ಗುಡ್ಡದಾಗ ಐತಿ ಅದು!"

"ಒಣಗಾಕತ್ತಿತ್ತಲ್ರಿ. ಎತ್ತಿಗರ ಆಗ್ಲಿ ಅಂತ ಬೇರ ಸಮೇತ ಕಿತ್ತಿಟ್ಟೆ."

ನಾನು ಕೈ ಹಾಕಲು ಹೋದೆ. "ದೇವರ ಎತ್ತಿನ ಮುಂದಿನ ಮೇವು ಕಸಗೋತೀರೇನ್ರಿ? ಮಣ್ಣಿನ ಎತ್ತು, ಅವೇನ್ ತಿನ್ನೂದಿಲ್ಲ, ಸುಮ್ನಿರ್ರಿ" ಎಂದು ಗದರಿಸಿದಳು. ಗುಡ್ಡದ ಆಡುಗಳೆಲ್ಲ ಸೇರಿ ಮುಗಿಸಲಾಗದ ಹುಲ್ಲನ್ನು ನಮ್ಮ ಮನೆ ಮುಗಿಸಿತಲ್ಲ! ಸಿಟ್ಟಿನಿಂದ ಊಟ ಬಿಟ್ಟೆ. ಅಂದರೆ, ಎರಡನೆಯ ಸಲ ಬಡಿಸಲು ಬಂದ ಹೋಳಿಗೆಯನ್ನು ಬೇಡವೆಂದೆ.

ಪೂಜೆ ಮುಗಿದ ಮೇಲೆ ಎತ್ತು, ಗ್ವಾದಲಿ ಎಲ್ಲವನ್ನೂ ಅವಳು ತಾರಸಿಯ ಮೇಲಿಟ್ಟಳು. ಮಳೆ ಹಿಡಿಯಿತು. ನಾನು ಮುನಿಸಿಕೊಂಡು ವಾರಗಟ್ಟಲೆ ಮೇಲೆ ಹತ್ತಲೇ ಇಲ್ಲ. ಕೊನೆಗೆ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕತೊಡಗಿದ್ದರಿಂದ, ಎಲ್ಲಿ ಸೋರುತ್ತಿದೆ ಎಂದು ನೋಡಲು ಹತ್ತಿದೆ. ಎತ್ತುಗಳು ಕರಗಿ ನೆಲಕ್ಕಂಟಿದ್ದವು. ಆ ಬೆರಳು ದಪ್ಪದ ಮಣ್ಣಿನಲ್ಲಿ ಬೇರುಬಿಟ್ಟು, ಕೆಂಪು ತುದಿ ಎತ್ತಿಕೊಂಡು, ಹಚ್ಚಗೆ ನನ್ನ ಹುಲ್ಲು! ಬಂಡೆಯ ಮೇಲೆ ಚೂರು ಮಣ್ಣಿನಲ್ಲಿ ಬದುಕುವ ಜೀವವನ್ನು ನಾನು ಪೈಲ್ವಾನನ ಹಾಗೆ ತಿನ್ನಿಸಿ ಕೊಲ್ಲುತ್ತಿದ್ದೆ. ನನ್ನ ಕೂಗಿಗೆ, ನಾನು ಬಿದ್ದೆನೆಂದು ಮಹಾದೇವಿ ಸೌಟು ಹಿಡಿದೇ ಓಡಿಬಂದಳು. ನೋಡಿ ನಕ್ಕಳು. "ಎತ್ತು ತಿಂದಿಲ್ಲ ನೋಡ್ರಿ, ಬಿತ್ಯಾವ."

ಸೋರುವ ಬಿರುಕು ಸರಿಯಾಗಿ ಹುಲ್ಲಿನ ಕೆಳಗೇ ಇದೆ. ಮುಚ್ಚಬೇಕಾದರೆ ಹುಲ್ಲು ಕೀಳಬೇಕು, ಗೌಂಡಿ ಹಾಗೆ ಹೇಳಿದ್ದಾನೆ. ಬೀಜ ಬಲಿಯುವವರೆಗೆ ಯಾರೂ ಮುಟ್ಟಕೂಡದು ಎಂದು ನಾನೇ ಅಪ್ಪಣೆ ಕೊಟ್ಟಿದ್ದೇನೆ. ನೀರು ಬೀಳುವುದು ಮಂಚದ ನನ್ನ ಬಾಜುವಿಗೆ ಮಾತ್ರ. ಮಹಾದೇವಿ ಬೆಚ್ಚಗೆ ಮಲಗುತ್ತಾಳೆ. ನಾನು ಸದ್ಯ ನಡುಮನೆಯ ಮೂಲೆಯಲ್ಲಿ, ಒಂದು ಚಾಪೆಯ ಅಗಲದಲ್ಲಿ ಕಂಡುಬರುತ್ತೇನೆ. ತಿಳಿದ ಮಟ್ಟಿಗೆ ಬೇರೆಲ್ಲೂ ಇಲ್ಲ.